ಚಿಗವ್ವನ ಬಲಗಡೆಯ ನವಣೆ

1955ರ ಜನವರಿ ಮೂರನೆಯ ವಾರದ ಒಂದು ಮಧ್ಯಾಹ್ನ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಮಿರಜದ ಮಿಶನ್ ಆಸ್ಪತ್ರೆಯಿಂದ ರೋಣದ ನಮ್ಮ ಮನೆಗೆ ಬಂದಳು. ಅಲ್ಲಿ ಅವಳ ಬಲ ಮೊಲೆಯನ್ನು ತೆಗೆದಿದ್ದರು. ಅದರೊಳಗೊಂದು ಗಂಟಿತ್ತು, ಗಂಟು ಕೆಟ್ಟದ್ದಾಗಿತ್ತು. ಅವಳಿಗೆ ಆಗ ನಲವತ್ತೆರಡು ವರ್ಷ.

ಅವಳ ಸ್ವಂತ ಮನೆ ಇದ್ದದ್ದು ನರಗುಂದದಲ್ಲಿ. ಮೈಯಲ್ಲಿ ಕಸುವು ಬರುವವರೆಗೆ ಅಕ್ಕನ ಕೈಯೂಟ ಉಣ್ಣಲಿ ಎಂದು ಅವಳ ಗಂಡ, ನಮ್ಮ ಕಾಕಾ, ಗದಗಿನಿಂದ ಬಸ್ಸು ಹತ್ತಿಸಿ ನೇರ ನಮ್ಮಲ್ಲಿಗೆ ಕರೆತಂದ. ನನಗೆ ಆಗ ಹತ್ತೊಂಬತ್ತು. ಊರ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಮುಂದೆ ಬಹಳ ವರ್ಷ ಒಂದು ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಕೆಲಸ ಮಾಡಿದೆ. ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಬಾರದು ಎನ್ನುವುದು ಅಲ್ಲಿನ ಮೊದಲ ಪಾಠ. ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ಕಂಡದ್ದು. ಕೇಳಿದ್ದಿದ್ದರೆ ಹಾಗೆಂದು ಹೇಳುತ್ತೇನೆ.

ಕೈಕಾಲು ತೊಳೆದು ಚಹಾ ಕುಡಿದ ಮೇಲೆ ಅವ್ವ ತಡೆಯಲಾರದೆ ಕೇಳಿದಳು.

"ಮತ್ತ ಬರತೈತೇನವಾ?"

"ಏನು?"

"ಅದ. ತಗದದ್ದು."

"ಅದೇನು ಹಾಲಹಲ್ಲನಕ್ಕಾ, ಬಿದ್ದಲ್ಲೇ ಹುಟ್ಟಾಕ?" ಅಂದಳು ಚಿಗವ್ವ.

ಅವ್ವ ಅಳಲು ಸಿದ್ಧಳಾಗಿ ಸೆರಗು ಕೈಗೆ ತೆಗೆದುಕೊಂಡಿದ್ದಳು. ಅದೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಮನೆಯಲ್ಲಿ ಮುಂದಿನ ಮೂರು ವಾರ ನಡೆದದ್ದೆಲ್ಲ ಹೆಚ್ಚುಕಡಿಮೆ ಹೀಗೆಯೇ.

ಹೊಸದನ್ನು ಮಾಡುವ ವಿದ್ಯೆಯೊಂದು ಇದೆ ಎಂದು ಡಾಕ್ಟರು ಹೇಳಿದ್ದರಂತೆ. ಕಾಗದದ ಮೇಲೆ ಚಿತ್ರ ಬರೆದೂ ತೋರಿಸಿದ್ದರು. ಆ ಕಾಗದವನ್ನು ಚಿಗವ್ವ ಎಲೆಅಡಿಕೆ ಚೀಲದಲ್ಲಿ ಮಡಿಚಿ ತಂದಿದ್ದಳು, ನಾನು ನೋಡಿದೆ. ಯುದ್ಧದಲ್ಲಿ ಮುಖ ಸುಟ್ಟುಕೊಂಡ ಸಿಪಾಯಿಗಳಿಗೆ ಹೊಸ ಮೂಗು, ಹೊಸ ಗಲ್ಲ ಕೂಡಿಸಿದ ವಿದ್ಯೆ ಅದು. ಹೊಟ್ಟೆಯ ಚರ್ಮದ ಒಂದು ಪಟ್ಟಿಯನ್ನು ಎಬ್ಬಿಸಿ, ಅಂಚಿಗೆ ಅಂಚು ಹೊಲಿದು ಸುರುಳಿ ಮಾಡುತ್ತಾರೆ. ಸುರುಳಿಯ ಎರಡು ತುದಿಗಳೂ ಬಕೀಟಿನ ಹಿಡಿಕೆಯ ಹಾಗೆ ಮೈಗೆ ಅಂಟಿಕೊಂಡೇ ಇರುತ್ತವೆ. ಅದರೊಳಗೆ ರಕ್ತ ಓಡಾಡುತ್ತಿರುತ್ತದೆ. ಕೆಲವು ವಾರ ಬಿಟ್ಟು ಒಂದು ತುದಿಯನ್ನು ಕತ್ತರಿಸಿ ಮೇಲೆ ಕೂಡಿಸುತ್ತಾರೆ. ಅದು ಹತ್ತಿಕೊಂಡ ಮೇಲೆ ಇನ್ನೊಂದು ತುದಿಯನ್ನು ಬಿಡಿಸುತ್ತಾರೆ. ಹೀಗೆ ಮತ್ತೆ ಮತ್ತೆ ಕೊಯ್ದು, ಹೊಲಿದು, ತಿಂಗಳುಗಟ್ಟಲೆ ಕಾಯ್ದು, ಹೊಟ್ಟೆಯ ಚರ್ಮವನ್ನು ಎದೆಗೆ ತಲುಪಿಸುತ್ತಾರೆ. ವಿಲಾಯತಿಯಲ್ಲಿ ಕೆಲವರು ಮಾಡುತ್ತಾರೆ, ನಾನು ಮಾಡಿಲ್ಲ, ಸದ್ಯ ನೀವು ಬದುಕಿ ಎಂದು ಡಾಕ್ಟರು ಹೇಳಿದ್ದರಂತೆ.

"ಅಂದ್ರ ಹೊಟ್ಟಿಂದ ಎದಿಗೆ ನಡಕೊಂತ ಬರತೈತಿ," ಅಂದಳು ಅವ್ವ.

"ಹೂಂ. ಒಂದೊಂದ ಹೆಜ್ಜಿ."

"ನಮ್ಮ ಗದಗಿನ ಬಸ್ಸಿಗಿಂತ ಲಗೂ ಬರತೈತಿ ಬಿಡು."

ಕಾಕಾ ಪಡಸಾಲೆಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದ. ಕಡಲೆ, ಜೋಳದ ವ್ಯಾಪಾರಿ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಬಾಗಿಲು ದಾಟುತ್ತಿತ್ತು. ಅವನು ಅಲ್ಲಿಂದಲೇ ಕೂಗಿದ. "ನಂದು ತಗೋರಿ ಅಂತ ಹೇಳೀನಿ ಡಾಕ್ಟರಿಗೆ! ಬೇಕಾದಷ್ಟೈತಿ. ಇಬ್ಬರಿಗೆ ಆಗತೈತಿ."

"ಏನಂದ್ರು?"

"ಒಬ್ಬರ ಚರ್ಮಾ ಒಬ್ಬರಿಗೆ ಹತ್ತೂದಿಲ್ಲಂತ. ಲಗ್ನ ಆಗಿ ಇಪ್ಪತ್ತೈದ ವರ್ಷಾತು, ಇನ್ನೂ ಬ್ಯಾರೆ ಬ್ಯಾರೇನ ಅದೀವೇನ್ರಿ ಅಂತ ಕೇಳಿದ್ನಿ."

ಡಾಕ್ಟರು ನಕ್ಕರೋ ಇಲ್ಲವೋ, ತಿಳಿದಿಲ್ಲ.

ಇನ್ನು ಅವಸರದ ವಿಷಯ. ಚಿಗವ್ವನ ಒಬ್ಬಳೇ ಮಗಳನ್ನು ಗಜೇಂದ್ರಗಡಕ್ಕೆ ಕೊಟ್ಟಿತ್ತು. ನನಗಿಂತ ಒಂದು ವರ್ಷ ಚಿಕ್ಕವಳು, ನನಗೆ ತಂಗಿ. ಹಿಂದಿನ ವರ್ಷ ಅವಳ ಬಸಿರು ಐದನೆಯ ತಿಂಗಳಲ್ಲಿ ಇಳಿದುಹೋಗಿತ್ತು. ಈಗ ಮತ್ತೆ ಆರು ತಿಂಗಳು. ಮನಸ್ಸಿಗೆ ಧಕ್ಕೆ ಆಗುವಂಥ ಒಂದು ಮಾತೂ ಕಿವಿಗೆ ಬೀಳಬಾರದು ಎಂದು ಸೂಲಗಿತ್ತಿ ಹೇಳಿದ್ದಳು. ಅದಕ್ಕೆಂದೇ ಮಿರಜದ ಸಂಗತಿಯನ್ನು ಅವಳಿಗೆ ತಿಳಿಸಿರಲಿಲ್ಲ. ನಿನ್ನ ಅವ್ವನ ಹೊಟ್ಟೆಯಲ್ಲಿ ಸಣ್ಣ ಗಂಟಿತ್ತು, ತೆಗೆಸಿಕೊಂಡು ಬಂದಳು ಎಂದಷ್ಟೇ ಕಾಕಾ ಪತ್ರ ಹಾಕಿಸಿದ್ದ. ಏಳನೆಯ ತಿಂಗಳು ಬಿದ್ದೊಡನೆ ಗಜೇಂದ್ರಗಡದಲ್ಲಿ ಕುಬಸದ ಕಾರ್ಯ. ತವರಿನವರು ಹೋಗಿ ಬಸುರಿಗೆ ಹಸಿರು ಸೀರೆ ಉಡಿಸಿ, ಹೊಸ ಕುಪ್ಪಸ ತೊಡಿಸಿ, ಮಡಿಲಿಗೆ ಅಕ್ಕಿ ಹಾಕಿ ಉಡಿ ತುಂಬಬೇಕು. ಮೊದಲ ಮುಷ್ಟಿ ಹಡೆದವ್ವನದು. ದಿನ ಗೊತ್ತಾಗಿತ್ತು, ಫೆಬ್ರವರಿ ಎರಡನೆಯ ವಾರ.

"ನಾ ಹೋಗಾಕೀನ," ಅಂದಳು ಚಿಗವ್ವ. "ಆಕಿಗೆ ಗೊತ್ತಾಗಬಾರದು. ಹಡದ ಮ್ಯಾಲ ನಾನ ಹೇಳ್ತೇನಿ."

ಹೇಳುವುದು ಸುಲಭ. ನಮ್ಮ ಕಡೆಯ ಖಣದ ಕುಪ್ಪಸ ಮೈಗೆ ಅಂಟುವಂತೆ ಹೊಲಿದದ್ದು, ಮುಂದೆ ಗಂಟು ಹಾಕುವಂಥದ್ದು. ಗಂಟು ಬಿಗಿದರೆ ಎಡಗಡೆ ತುಂಬಿ ಬಲಗಡೆ ಬಾಡಿದ್ದು ಕುರುಡರಿಗೂ ಕಾಣುತ್ತಿತ್ತು. ಸೆರಗು ಮುಚ್ಚೀತು ಎನ್ನಬಹುದು. ಆದರೆ ಉಡಿ ತುಂಬುವವಳು ಬಾಗಬೇಕು, ಎರಡು ಕೈಯನ್ನೂ ಚಾಚಬೇಕು. ಚಾಚಲಿಕ್ಕೆ ಬಲಗೈ ಇನ್ನೂ ಪೂರ್ತಿ ಏಳುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳು ನಡೆಸುತ್ತ ದಿನಕ್ಕಿಷ್ಟು ಮೇಲೆ ಹತ್ತಿಸಿ ಎಂದು ಡಾಕ್ಟರು ಹೇಳಿದ್ದರು. ಬೆರಳು ಮುಟ್ಟಿದಲ್ಲಿ ನಾನು ಇದ್ದಲಿನಿಂದ ಗೆರೆ ಎಳೆಯುತ್ತಿದ್ದೆ.

ಡಾಕ್ಟರು ಇನ್ನೂ ಒಂದು ಹೇಳಿದ್ದರು. ಗಾಯ ಒಣಗಿದ ಮೇಲೆ ಅರಿವೆಯ ಚೀಲ ಹೊಲಿಸಿ, ಮೆತ್ತಗಿದ್ದೂ ತೂಕವಿರುವಂಥದ್ದೇನಾದರೂ ತುಂಬಿ ಕುಪ್ಪಸದೊಳಗೆ ಇಟ್ಟುಕೊಳ್ಳಬೇಕು. ಇಲ್ಲವಾದರೆ ಭುಜ ಒಂದು ಕಡೆಗೆ ವಾಲುತ್ತದೆ. ಏನು ತುಂಬಬೇಕು? ನಿಮ್ಮ ಮನೆಯಲ್ಲಿ ಏನಿದೆಯೋ ನೋಡಿ ಎಂದಿದ್ದರಂತೆ.

ನಮ್ಮ ಮನೆಯಲ್ಲಿ ಹತ್ತಿ ಇತ್ತು. ರೋಣದಲ್ಲಿ ಯಾರ ಮನೆಯಲ್ಲಿ ಇಲ್ಲ? ಅವ್ವ ಹಳೆಯ ಧೋತರದ ತುಂಡಿನಲ್ಲಿ ಹಿಂಜಿದ ಹತ್ತಿ ತುಂಬಿ ದುಂಡಗೆ ಕಟ್ಟಿ ಕೊಟ್ಟಳು. ಕನ್ನಡಿಯಲ್ಲಿ ಬಹಳ ಚೆನ್ನಾಗಿ ಕಂಡಿತು. ಚಿಗವ್ವ ಮಾಳಿಗೆಯ ಮೆಟ್ಟಿಲು ಹತ್ತಿ ಇಳಿದು ಬಂದಳು. ಬರುವಷ್ಟರಲ್ಲಿ ಅದು ಕೊರಳ ಹತ್ತಿರ ಬಂದು ಕೂತಿತ್ತು.

"ಅಯ್ಯ, ಇದು ಡಾಕ್ಟರದಕ್ಕಿಂತ ಜೋರ ನಡೀತದ!" ಅಂದಳು ಅವ್ವ. "ಹೊಟ್ಟ್ಯಾಗ ಇಟ್ಟಿದ್ರ ಇಷ್ಟೊತ್ತಿಗೆ ತಲಿ ಮುಟ್ಟತಿತ್ತು."

ಕಾಕಾ ಏನೂ ಕೇಳದವನ ಹಾಗೆ ಒಂದು ಪುಟ್ಟಿ ಕಡಲೆ ತಂದು ಒಳಬಾಗಿಲಲ್ಲಿ ಇಟ್ಟು ಹೋದ. ಅದನ್ನೂ ತುಂಬಿ ನೋಡಿದೆವು. ತೂಕ ಸರಿಯಿತ್ತು. ಆದರೆ ಹೆಜ್ಜೆಗೊಮ್ಮೆ ಕಟಕಟ ಸಪ್ಪಳ, ಮೇಲೆ ಖಣದ ಹೊರಗೆ ಒಂದೊಂದು ಕಾಳೂ ಲೆಕ್ಕಕ್ಕೆ ಸಿಗುವಂತೆ ಎದ್ದಿತು. ಜೋಳ ಅದಕ್ಕಿಂತ ವಾಸಿ. ಆದರೆ ಅಂಗಳದಲ್ಲಿ ಚಿಗವ್ವ ಬಗ್ಗಿದಾಗ ಒಂದು ಕಾಳು ಬಿತ್ತು. ಆಮೇಲೆ ನಮ್ಮ ಕೋಳಿ ಅವಳ ಬೆನ್ನು ಬಿಡಲಿಲ್ಲ, ಎರಡು ದಿನ.

ಅಲ್ಲಿಯವರೆಗೆ ನಡೆದದ್ದೆಲ್ಲ ಅಂದಾಜಿನ ಮೇಲೆ. ಅಳತೆ ಇಲ್ಲದೆ ಆಗುವುದಿಲ್ಲ ಎಂದು ನಾನು ಹೇಳಿದೆ. ಎಡಗಡೆಯದು ಎಷ್ಟಿದೆಯೋ ಅಷ್ಟೇ ಬಲಗಡೆಗೆ ಬೇಕಲ್ಲ. ಶಾಲೆಯಲ್ಲಿ ಓದಿದ್ದು ನೆನಪಿತ್ತು. ತುಂಬಿದ ಪಾತ್ರೆಯಲ್ಲಿ ಒಂದು ವಸ್ತುವನ್ನು ಮುಳುಗಿಸಿದರೆ ಹೊರಚೆಲ್ಲುವ ನೀರು ಆ ವಸ್ತುವಿನಷ್ಟೇ ಇರುತ್ತದೆ. ಪರಾತವೆಂಬ ಅಗಲ ಹಿತ್ತಾಳೆ ತಟ್ಟೆಯ ನಡುವೆ ಬೋಗುಣಿ ಇಟ್ಟು ಅಂಚಿನವರೆಗೆ ನೀರು ತುಂಬಿದೆವು. ಚಿಗವ್ವ ಬಗ್ಗಬೇಕು.

"ಬಿಸಿನೀರ ಹಾಕ," ಅಂದಳು ಅವ್ವ. "ಥಂಡಿ ಹಾಕಿದ್ರ ಕುಗ್ಗತೈತಿ, ಅಳತಿ ತಪ್ಪತೈತಿ."

"ಯಕ್ಕಾ, ನಗಸಬ್ಯಾಡ. ನಕ್ರ ನೀರು ಹೆಚ್ಚಿಗಿ ಚೆಲ್ಲತದ," ಅಂದಳು ಚಿಗವ್ವ.

ನಕ್ಕಳು. ಹೆಚ್ಚಿಗೆ ಚೆಲ್ಲಿತು. ಮತ್ತೆ ತುಂಬಿದೆವು. ಎರಡನೆಯ ಸಲ ಅವ್ವನೇ ನಕ್ಕು ಪರಾತವನ್ನು ಒದ್ದಳು. ಹೊರಗಿನಿಂದ ಕಾಕಾ ಕೂಗಿದ. "ಒಳಗೇನು ನಡದೈತಿ?"

"ನಿಮ್ಮ ಅಂಗಡ್ಯಾಗ ನಡಿಯೂದ. ಅಳತಿ!" ಅಂದಳು ಅವ್ವ.

ಮೂರನೆಯ ಸಲ ಯಾರೂ ಉಸಿರಾಡಲಿಲ್ಲ. ಪರಾತಕ್ಕೆ ಚೆಲ್ಲಿದ ನೀರನ್ನು ನಾನು ಸೇರಿಗೆ ಸುರಿದು ನೋಡಿದೆ. ಅರ್ಧ ಸೇರಿಗೆ ಸ್ವಲ್ಪ ಕಡಿಮೆ. ಗೋಡೆಯ ಮೇಲೆ, ಇದ್ದಲಿನ ಗೆರೆಗಳ ಪಕ್ಕದಲ್ಲೇ ಅದನ್ನೂ ಬರೆದಿಟ್ಟೆ.

ಅಷ್ಟು ಹಿಡಿಯುವ ಚೀಲ ಹೊಲಿಸಲು ನಾನೇ ಪೇಟೆಯ ದರ್ಜಿಯ ಹತ್ತಿರ ಹೋದೆ. ಮುಸಲ್ಮಾನರು, ವಯಸ್ಸಾದವರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ನಲವತ್ತು ವರ್ಷದಿಂದ ಊರ ಹೆಂಗಸರ ಕುಪ್ಪಸ ಹೊಲಿದವರು, ಒಬ್ಬಳಿಗೂ ಟೇಪು ಹಿಡಿದವರಲ್ಲ. ಎಲ್ಲರೂ ಒಂದು ಹಳೆಯ ಕುಪ್ಪಸವನ್ನು ಅಳತೆಗೆ ಕಳಿಸುತ್ತಿದ್ದರು, ಅದರ ಮೇಲೆ ಹೊಸದು. ನಾನು ಚಿಗವ್ವನ ಅಳತೆಯ ಕುಪ್ಪಸವನ್ನೂ ಮೆತ್ತನೆಯ ಮಲ್ಲಿನ ಅರಿವೆಯನ್ನೂ ಮುಂದಿಟ್ಟು, ದುಂಡಗಿನ ಒಂದು ಚೀಲ ಬೇಕು, ಕಾಳು ಹಾಕಲಿಕ್ಕೆ ಎಂದೆ. ಅವರು ಕುಪ್ಪಸದ ಬಲಭಾಗವನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿದರು. ಅಲ್ಲಿ ಮುಲಾಮಿನ ಕಲೆ ಇತ್ತು.

ಸಂಜೆ ಹೋದಾಗ ಚೀಲ ಸಿದ್ಧವಿತ್ತು. ಹಿಂದೆ ಚಪ್ಪಟೆ, ಮುಂದೆ ಉಬ್ಬು, ಕೆಳಗೆ ಭಾರ ನಿಲ್ಲುವಂತೆ ಒಂದು ನೆರಿಗೆ.

"ಹೊಲಿಗಿ ಎಲ್ಲಾ ಒಳಗ ತಗೊಂಡೀನಿ ಬೇಟಿ. ಹಸೀ ಗಾಯಕ್ಕ ಚುಚ್ಚೂದಿಲ್ಲ," ಅಂದರು. "ಕಾಳು ಅಂದ್ರ ನವಣಿ ಹಾಕ್ರಿ. ಸಣ್ಣದು, ಮೈಗೆ ಕುಂಡ್ರತೈತಿ."

ನವಣೆಯೇ ಸರಿಯಾಯಿತು. ಮಲಗಿದರೆ ಹರಡುತ್ತಿತ್ತು, ನಿಂತರೆ ಇಳಿಯುತ್ತಿತ್ತು. ಮುಟ್ಟಿದರೆ ತಗ್ಗಿ ಮತ್ತೆ ತುಂಬಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಮೈಯಷ್ಟೇ ಬೆಚ್ಚಗಾಗುತ್ತಿತ್ತು. ಚಿಗವ್ವ ಮೆಟ್ಟಿಲು ಹತ್ತಿಳಿದಳು, ಅಂಗಳ ಗುಡಿಸಿದಳು, ಕೋಳಿಯನ್ನು ಅಟ್ಟಿಸಿಕೊಂಡು ಹೋದಳು. ಎಲ್ಲ ಇದ್ದಲ್ಲೇ ಇತ್ತು. ಕೊನೆಗೆ ಕಾಕಾನನ್ನು ಒಳಗೆ ಕರೆದು ಎದುರು ನಿಂತು, "ಯಾವ್ದು ಖರೇದು, ಯಾವ್ದು ಸುಳ್ಳದ್ದು, ಹೇಳ್ರಿ ನೋಡೂಣು" ಅಂದಳು.

ಕಾಕಾ ಬಹಳ ಹೊತ್ತು ನೋಡಿದ. "ನಾ ವ್ಯಾಪಾರಿ," ಅಂದ. "ಮಾಲು ಮುಟ್ಟದ ಹೇಳಾಂಗಿಲ್ಲ."

ಅವ್ವ ಅವನನ್ನು ಲಟ್ಟಣಿಗೆ ತೋರಿಸಿ ಹೊರಗೆ ಅಟ್ಟಿದಳು.

ಹೊರಡುವ ದಿನ ಬೆಳಿಗ್ಗೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ, ತಡೆಯಲಿಲ್ಲ. ನಮ್ಮ ಪೇಟೆಯಲ್ಲಿ ಕಾಳು ಅಳೆದು ಕೊಡುವವರು ಸೇರು ತುಂಬಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರೆ. ಅದಕ್ಕೆ ಕೊಸರು ಎನ್ನುತ್ತಾರೆ. ಕೊಸರು ಇಲ್ಲದ ಅಳತೆ ಜಿಪುಣನದು. ಅವ್ವ ಹುಟ್ಟಿದಾಗಿನಿಂದ ಕೊಸರಿಲ್ಲದೆ ಏನನ್ನೂ ಕೊಟ್ಟವಳಲ್ಲ, ತಂದವಳಲ್ಲ. ಚೀಲದ ಬಾಯಿಯ ಹೊಲಿಗೆಯನ್ನು ಬಿಚ್ಚಿ ಒಂದು ಮುಷ್ಟಿ ನವಣೆ ಒಳಗೆ ತಳ್ಳಿದಳು.

"ಬೀಗರ ಮನಿಗೆ ಹೊಂಟೀವಿ. ಕಡಿಮಿ ಆತು ಅನಿಸ್ಕೋಬಾರದು."

ಆಮೇಲೆ ಒಂದೇ ಎಳೆಯ ದಾರದಿಂದ ತಾನೇ ಹೊಲಿದಳು. ಬಸ್ಸಿಗೆ ಹೊತ್ತಾಗಿತ್ತು.

ಬುತ್ತಿಯ ಬುಟ್ಟಿಗಳು, ಕಾಕಾ, ಅವ್ವ, ಚಿಗವ್ವ, ನಾನು. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಮೂವರೂ ಹೆಂಗಸರು ಒಟ್ಟಿಗೆ ಚಿಗವ್ವನ ಬಲಗಡೆ ನೋಡುತ್ತಿದ್ದೆವು. ಗಜೇಂದ್ರಗಡದಲ್ಲಿ ಇಳಿದಾಗ ಎಲ್ಲ ಸರಿಯಿತ್ತು. ತಂಗಿ ಬಾಗಿಲಲ್ಲೇ ನಿಂತಿದ್ದಳು. ಬಂದವಳೇ ತನ್ನವ್ವನನ್ನು ತಬ್ಬಿ ತಲೆಯನ್ನು ಎದೆಗೆ ಆನಿಸಿದಳು. ಬಲಗಡೆಗೇ ಆನಿಸಿದಳು. ನಾನು ನನ್ನ ಕೈಯ ಬುಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ಯವ್ವಾ, ದಪ್ಪಾಗೀದಿ ನೀ! ದವಾಖಾನ್ಯಾಗ ಊಟ ಭಾಳ ಚಲೋ ಇತ್ತೇನು?"

"ನಿಮ್ಮ ದೊಡ್ಡವ್ವನ ಮನ್ಯಾಗ ಕೊಸರು ಭಾಳ," ಅಂದಳು ಚಿಗವ್ವ, ಅವ್ವನ ಕಡೆ ನೋಡುತ್ತ.

ಆ ಮನೆಯ ಯಜಮಾನಿ ತಂಗಿಯ ಅತ್ತೆ, ನಮ್ಮ ಬೀಗತಿ. ಮನೆಯಲ್ಲಿ ಮೂರು ಮಗ್ಗ. ಹಣಿಗೆಯಲ್ಲಿ ಒಂದು ಎಳೆ ತಪ್ಪಿದರೆ ಅಡುಗೆಮನೆಯಲ್ಲಿ ಕೂತೇ ಸಪ್ಪಳದಿಂದ ಗೊತ್ತು ಹಿಡಿಯುತ್ತಾರೆ ಎಂದು ತಂಗಿ ಬರೆದಿದ್ದಳು. ಅವರು ಬಂದವರನ್ನು ನೀರು ಕೊಟ್ಟು ಕೂರಿಸಿ, ನೆಟ್ಟಗೆ ಸಂಗತಿಗೆ ಬಂದರು.

"ಹಂಡೆ ಕಾದೈತಿ. ಬರ್ರಿ ಬೀಗತೆವ್ವಾ, ಎಣ್ಣಿ ಹಚ್ಚಿ ನಾನ ಎರೀತೇನಿ. ದವಾಖಾನಿಂದ ಎದ್ದು ಬಂದೀರಿ."

ಬೀಗತಿಗೆ ಬೀಗತಿ ಎರೆಯುವುದು ದೊಡ್ಡ ಮರ್ಯಾದೆ. ಬೇಡ ಎನ್ನುವುದು ಅದಕ್ಕಿಂತ ದೊಡ್ಡ ಅವಮಾನ. ಇದನ್ನು ನಾವು ಮೂರು ವಾರದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

"ಎಣ್ಣಿ ಬಿಟ್ಟೀನ್ರಿ. ಹರಕಿ," ಅಂದಳು ಚಿಗವ್ವ.

"ಯಾವ ದೇವರದ್ರಿ?"

"ಮಿರಜ ಕಡೀದು."

"ಎಣ್ಣಿ ಒಲ್ಲೆ ಅನ್ನೂ ದೇವರು ನಾ ಕೇಳಿಲ್ಲ. ಇರಲಿ ಬಿಡ್ರಿ, ಆ ಕಡೆ ದೇವರು ಇಂಗ್ರೇಜಿ ಕಲ್ತಿರಬೇಕು." ಬೀಗತಿ ನಕ್ಕು ಬಿಟ್ಟುಕೊಟ್ಟರು. ಪೂರ್ತಿ ಬಿಟ್ಟುಕೊಟ್ಟಂತೆ ನನಗೆ ಕಾಣಲಿಲ್ಲ.

ಮರುದಿನ ಕಾರ್ಯ. ಪಡಸಾಲೆ ತುಂಬ ಓಣಿಯ ಹೆಂಗಸರು. ತಂಗಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಉಡಿ ತುಂಬುವ ಮೊದಲು ಬೀಗತಿ ತಟ್ಟೆಯಲ್ಲಿ ತಮ್ಮ ಮಗ್ಗದ ಸೀರೆ, ಹೊಲಿದಿಟ್ಟ ಖಣದ ಕುಪ್ಪಸ ತಂದು ಚಿಗವ್ವನಿಗೆ ಕೊಟ್ಟರು.

"ಇದನ್ನ ಉಟಗೊಂಡ ಉಡಿ ತುಂಬ್ರಿ. ಅಳತಿಗೆ ಚಿಂತಿ ಬ್ಯಾಡ, ನಿಮ್ಮ ಮಗಳ ಟ್ರಂಕಿನ್ಯಾಗ ನಿಮ್ಮ ಹಳೇ ಕುಬಸ ಇತ್ತು. ಅದರ ಮ್ಯಾಲ ಹೊಲಿಸೀನಿ."

ಅಂದರೆ ಮಿರಜಕ್ಕಿಂತ ಮೊದಲಿನ ಅಳತೆ. ಒಳಗಿನ ಕೋಣೆಯಲ್ಲಿ ನಾನೂ ಅವ್ವನೂ ಕುಪ್ಪಸ ತೊಡಿಸಿದೆವು. ಎಡಗಡೆ ಅಳತೆಗೆ ಸರಿಯಾಗಿ ಕೂತಿತು. ಬಲಗಡೆ ಒಂದು ಮುಷ್ಟಿಯಷ್ಟು ಬಿಗಿ. ಗಂಟಿನ ಎರಡು ತುದಿ ಕೂಡಲಿಲ್ಲ.

"ಉಸರ ಹಿಡಿ," ಅಂದಳು ಅವ್ವ.

"ನಾ ಹಿಡಿದ್ರ ಆತೇನು? ನವಣಿ ಹಿಡೀಬೇಕಲ್ಲ!"

ಮೂವರೂ ಬಾಯಿ ಮುಚ್ಚಿಕೊಂಡು ನಗುತ್ತ ಗಂಟು ಬಿಗಿದೆವು. ಕನ್ನಡಿಯಲ್ಲಿ ನೋಡಿದರೆ ಎರಡು ಕಡೆಯೂ ಸಮ. ಈ ಮಾತಿಗೆ ನಾನು ಇಂದಿಗೂ ಸಾಕ್ಷಿ.

ಚಿಗವ್ವ ತಂಗಿಯ ಎದುರು ಬಾಗಿದಳು. ತಂಗಿ ಸೆರಗು ಒಡ್ಡಿದಳು. ಮೊದಲ ಮುಷ್ಟಿ ಅಕ್ಕಿ ಬಿತ್ತು. ಎರಡನೆಯದು, ಮೂರನೆಯದು. ಮೂರನೆಯದಕ್ಕೆ ಬಲಗೈ ಪೂರ್ತಿ ಚಾಚಿತು, ಗೋಡೆಯ ಮೇಲಿನ ಕೊನೆಯ ಗೆರೆಗಿಂತಲೂ ಆಚೆ. ಅದೇ ಹೊತ್ತಿಗೆ ಕುಪ್ಪಸದ ಗಂಟಿನ ಕೆಳಗಿನಿಂದ ಸಣ್ಣ ಹಳದಿ ಧಾರೆಯೊಂದು ಅಕ್ಕಿಯ ಜೊತೆಗೆ ತಂಗಿಯ ಉಡಿಗೆ ಇಳಿಯತೊಡಗಿತು.

ನವಣೆ ಸಪ್ಪಳ ಮಾಡುವುದಿಲ್ಲ. ಹಾಡುವವರು ಹಾಡುತ್ತಲೇ ಇದ್ದರು. ಕಂಡವರು ಇಬ್ಬರೇ, ನಾನು ಮತ್ತು ಚಿಗವ್ವನ ಪಕ್ಕದಲ್ಲಿ ಅಕ್ಕಿಯ ತಟ್ಟೆ ಹಿಡಿದು ನಿಂತಿದ್ದ ಬೀಗತಿ. ಬೀಗತಿಯ ಕಣ್ಣು ಧಾರೆಯಿಂದ ಮೇಲೆ ಹೋಯಿತು, ಕುಪ್ಪಸದ ಮೇಲೆ ನಿಂತಿತು, ಮತ್ತೆ ಕೆಳಗೆ ಬಂತು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ತಂಗಿ ತಲೆ ಎತ್ತುವ ಮೊದಲೇ ಎರಡು ಬೊಗಸೆ ನವಣೆ ತಂದು ಎಲ್ಲರಿಗೂ ಕಾಣುವಂತೆ ಉಡಿಗೆ ಸುರಿದರು.

"ಉಡಿ ಅಕ್ಕಿಗೆ ನವಣಿ ಕೂಡಸೂದು ನಮ್ಮ ಮನೆತನದ ಪದ್ಧತಿ," ಅಂದರು.

ಅವರ ನಾದಿನಿ, ಅಂದರೆ ಆ ಮನೆಯ ಮಗಳು, ಗೋಡೆಗೆ ಒರಗಿ ಕೂತಿದ್ದ ಮುದುಕಿ. "ಯಾವಾಗಿಂದವಾ?" ಅಂತ ಕೇಳಿದರು.

"ನಮ್ಮತ್ತಿ ಕಾಲದಿಂದ."

"ನಿಮ್ಮತ್ತಿ ನಮ್ಮವ್ವ! ನನ್ನ ಕುಬಸಕ್ಕ ಒಂದ ಕಾಳ ನವಣಿ ಹಾಕಿಲ್ಲ!"

"ಹಾಕಿದ್ರು. ನೀವು ಹೋಳಿಗಿ ಕಡೆ ಲಕ್ಷ ಇಟ್ಟಿದ್ರಿ."

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಆ ಗದ್ದಲದಲ್ಲಿ ಬೀಗತಿ ಚಿಗವ್ವನ ತೋಳು ಹಿಡಿದು ಒಳಗೆ ಕರೆದೊಯ್ದರು. ನಾನೂ ಹಿಂದೆ ಹೋದೆ. ಬಾಗಿಲ ಅಗಳಿ ಹಾಕಿದರು.

ಚಿಗವ್ವ ಕುಪ್ಪಸ ಬಿಚ್ಚಿದಳು. ಗಾಯ ಕಂಕುಳದಿಂದ ಎದೆಯ ನಡುವಿನವರೆಗೆ ಓರೆಯಾಗಿ ಇತ್ತು, ಇನ್ನೂ ಕೆಂಪು. ಬೀಗತಿ ಅದನ್ನು ನೋಡಿದರು. ಆಮೇಲೆ ಅರ್ಧ ಖಾಲಿಯಾದ ಚೀಲವನ್ನು ಕೈಗೆ ತೆಗೆದುಕೊಂಡು ಬಾಯಿಯ ಹೊಲಿಗೆಯನ್ನು ಬೆಳಕಿಗೆ ಹಿಡಿದರು.

"ಇಷ್ಟ್ಯಾಕ ತುಂಬಿದ್ರಿ?"

"ಅಕ್ಕ ಕೊಸರ ಹಾಕಿದ್ಲು."

ಬೀಗತಿ ನಕ್ಕಾಗ ಮೊದಲು ಸಪ್ಪಳ ಬರಲಿಲ್ಲ, ಭುಜ ಮಾತ್ರ ಅಲುಗಾಡಿತು. ಆಮೇಲೆ ಬಂತು. ಚಿಗವ್ವನೂ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಇಬ್ಬರೂ ಒಬ್ಬರ ಸೆರಗಿನಿಂದ ಒಬ್ಬರು ಒರೆಸಿಕೊಂಡರು. ಹೊರಗಿನಿಂದ ಅವ್ವ ಬಾಗಿಲು ಬಡಿದಳು. "ಏನಾತು? ಏನಾತು?"

"ನಿಮ್ಮ ಕೊಸರು ನಮಗ ಮುಟ್ಟಿತ್ರಿ!" ಅಂತ ಬೀಗತಿ ಒಳಗಿನಿಂದಲೇ ಕೂಗಿದರು.

ಮಗ್ಗದ ದಾರ ತಂದು, ಎರಡೆಳೆ ಹೊಸೆದು ಚೀಲವನ್ನು ಅವರೇ ಹೊಲಿದರು. ನವಣೆಯನ್ನು ನಾನು ಹೇಳಿದ ಅಳತೆಗೇ ತುಂಬಿದರು. ಕುಪ್ಪಸ ಸರಿಯಾಗಿ ಕೂತಿತು. ಗಂಟು ಹಾಕುತ್ತ ಅವರು ಹೇಳಿದ್ದು ಇಷ್ಟು:

"ನನ್ನ ಬಾಯಿಂದ ಹೋಗೂದಿಲ್ಲ. ಆದ್ರ ಹಡದ ಮ್ಯಾಲ ನೀವ ಹೇಳಬೇಕು. ಮಂದಿ ಬಾಯಿಂದ ಕೇಳಿದ್ರ ಆಕಿ ತಡಕೊಳ್ಳೂದಿಲ್ಲ."

ಹೊರಗೆ ಬಂದು ಚಿಗವ್ವ ಐದರಲ್ಲಿ ಉಳಿದ ಎರಡು ಮುಷ್ಟಿ ತುಂಬಿದಳು. ಉಡಿಯ ಅಕ್ಕಿಯನ್ನು ಬಸುರಿ ಅಡುಗೆ ಮಾಡಿ ಉಣ್ಣಬೇಕು. ಅಂದು ಸಂಜೆ ತಂಗಿ ಅಕ್ಕಿ, ನವಣೆ ಕೂಡಿಸಿ ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ಎಲ್ಲರೂ ಉಂಡೆವು. ಅವ್ವ ಎರಡು ಸಲ ಹಾಕಿಸಿಕೊಂಡಳು. ಆ ಓಣಿಯಲ್ಲಿ ಆಮೇಲೆ ನಡೆದ ಎರಡು ಕುಬಸಗಳಲ್ಲಿಯೂ ಉಡಿಗೆ ನವಣೆ ಹಾಕಿದರೆಂದು ತಂಗಿ ಬರೆದಳು. ಇದು ಕೇಳಿದ್ದು.

ಒಂಬತ್ತು ತುಂಬುವಾಗ ತಂಗಿಯನ್ನು ನರಗುಂದಕ್ಕೆ ಕರೆತಂದರು. ಮೇ ತಿಂಗಳಲ್ಲಿ ಹಡೆದಳು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಗಟ್ಟಿ. ನಾನು ಬೇಸಿಗೆ ರಜೆಗೆ ಅಲ್ಲಿಯೇ ಇದ್ದೆ. ಹನ್ನೆರಡನೆಯ ದಿನ ಮಧ್ಯಾಹ್ನ ಚಿಗವ್ವ ಬಾಣಂತಿಯ ಕೋಣೆಗೆ ಹೋಗಿ, ಹೊರಸಿನ ಅಂಚಿಗೆ ಕೂತು, ಕುಪ್ಪಸದ ಗಂಟು ಬಿಚ್ಚಿದಳು.

"ನೋಡಿಲ್ಲೆ," ಅಂದಳು.

ತಂಗಿ ನೋಡಿದಳು. ಗೋಡೆಯ ಕಡೆ ಹೊರಳಿದಳು. ಅಂದು ಇಡೀ ದಿನ, ಮರುದಿನ ಮಧ್ಯಾಹ್ನದವರೆಗೆ ತನ್ನವ್ವನ ಜೊತೆ ಮಾತಾಡಲಿಲ್ಲ. ಚಿಗವ್ವ ಖಾರದ ಅನ್ನ ತಂದಿಟ್ಟರೆ ಉಂಡಳು, ಮಗುವನ್ನು ಎತ್ತಿ ಕೊಟ್ಟರೆ ತೆಗೆದುಕೊಂಡಳು. ಕಾಕಾ ಬಾಗಿಲ ಹೊರಗೆ ಅತ್ತಿಂದಿತ್ತ ತಿರುಗಿದ. "ಹೇಳೂದ ಬ್ಯಾಡಾಗಿತ್ತು," ಅಂದ. "ಹೇಳದ ಇದ್ದದ್ದಕ್ಕ ಹಿಂಗಾಗೇತಿ," ಅಂದಳು ಚಿಗವ್ವ.

ಮರುದಿನ ಮಧ್ಯಾಹ್ನ ಊಟದ ತಾಟು ಎತ್ತಲು ನಾನು ಒಳಗೆ ಹೋದಾಗ ತಂಗಿ ಕೈ ಚಾಚಿ, "ಅದನ್ನ ತಾ" ಎಂದು ತನ್ನವ್ವನಿಗೆ ಹೇಳುತ್ತಿದ್ದಳು. ಚಿಗವ್ವ ಚೀಲವನ್ನು ತೆಗೆದು ಕೊಟ್ಟಳು. ತಂಗಿ ಅಂಗೈಯಲ್ಲಿ ತೂಗಿ ನೋಡಿದಳು, ಒತ್ತಿದಳು, ಮೂಸಿದಳು.

"ಹುಗ್ಗ್ಯಾಗ ಇದನ್ನ ಉಂಡ್ನೇನು ನಾ?"

"ಒಂದ್ಸೊಲ್ಪ," ಅಂದಳು ಚಿಗವ್ವ.

"ಯವ್ವಾ! ಮೊದಲೂ ನಿನ್ನ ಎದಿಂದ ಉಂಡ್ನಿ, ಈಗೂ ಅದನ್ನ ಉಣಿಸಿದ್ಯಾ!"

ನಾನು ತಾಟನ್ನು ಕೆಳಗೆ ಇಡಬೇಕಾಯಿತು. ಚಿಗವ್ವ ಹೊರಸಿನ ಕಾಲು ಹಿಡಿದುಕೊಂಡು ನಕ್ಕಳು. ಏನಾಯಿತೋ ಎಂದು ಓಡಿ ಬಂದ ಕಾಕಾ ಬಾಗಿಲಲ್ಲೇ ನಿಂತು, ಕಾರಣ ತಿಳಿಯದೆ, ನಮ್ಮನ್ನು ನೋಡಿ ತಾನೂ ನಕ್ಕ. ಗದ್ದಲಕ್ಕೆ ಮಗು ಎದ್ದು ಅತ್ತಿತು. ತಂಗಿ ಚೀಲವನ್ನು ತಟ್ಟಿ ಚಪ್ಪಟೆ ಮಾಡಿ ಮಗುವಿನ ತಲೆಯ ಕೆಳಗೆ ಇಟ್ಟಳು. ಅದು ಸುಮ್ಮನಾಯಿತು. ಆ ಬೇಸಿಗೆಯಲ್ಲಿ ಚಿಗವ್ವ ಇನ್ನೊಂದು ಚೀಲ ಹೊಲಿಸಿಕೊಳ್ಳಬೇಕಾಗಿ ಬಂತು.

"ಮುಂದಿನ ಸಲ ಮಿರಜಕ್ಕ ನಾನೂ ಬರಾಕಿ," ಅಂದಳು ತಂಗಿ. "ಡಾಕ್ಟರು ಏನ ಅಂದ್ರೂ ನನ್ನ ಮುಂದ ಅನ್ನಲಿ."

ವರ್ಷಕ್ಕೊಮ್ಮೆ ತೋರಿಸಿಕೊಂಡು ಹೋಗಬೇಕೆಂದು ಡಾಕ್ಟರು ಹೇಳಿದ್ದರು. 1956ರಿಂದ ಪ್ರತಿ ವರ್ಷ ತಾಯಿ ಮಗಳು ಕೂಡಿಯೇ ಹೋದರು. 1959ರ ಜನವರಿಯಲ್ಲಿ ನಾನೂ ಜೊತೆಗಿದ್ದೆ. ಡಾಕ್ಟರು ಗಾಯವನ್ನೂ ಎಡಗಡೆಯನ್ನೂ ಎರಡು ಕಂಕುಳನ್ನೂ ಒತ್ತಿ ನೋಡಿ, ಗಂಟು ಎಲ್ಲಿಯೂ ಇಲ್ಲ ಎಂದು ತಂಗಿಗೆ ಹೇಳಿದರು. ಹೊಟ್ಟೆಯ ಚರ್ಮದ ಸುರುಳಿಯ ಕೆಲಸ ಮೊದಲಿಗಿಂತ ಸುಧಾರಿಸಿದೆ, ಮನಸ್ಸಿದ್ದರೆ ಮುಂಬಯಿಗೆ ಪತ್ರ ಕೊಡುತ್ತೇನೆ ಎಂದರು. ಎಷ್ಟು ತಿಂಗಳು ಮಲಗಬೇಕು ಎಂದು ಚಿಗವ್ವ ಕೇಳಿದಳು. ಐದಾರು ಎಂದರು. ಪತ್ರ ತೆಗೆದುಕೊಳ್ಳಲಿಲ್ಲ. ಡಾಕ್ಟರು ನವಣೆಯ ಚೀಲವನ್ನು ತಕ್ಕಡಿಯಲ್ಲಿ ತೂಗಿ, ಒಳಗಿನ ಕಾಳಿನ ಹೆಸರನ್ನು ನನ್ನಿಂದ ಕೇಳಿ ಬರೆದುಕೊಂಡರು. ಬೇರೆ ಹೆಂಗಸರಿಗೆ ತೋರಿಸಲು ಒಂದು ಬೇಕೆಂದರು. ತಂಗಿ ಕೈಚೀಲದಿಂದ ಹೊಸದೊಂದನ್ನು ತೆಗೆದುಕೊಟ್ಟಳು.